ಗಾಡಿ ಕಿತ್ತುಕೊಂಡರೆ ಜಾಸ್ತಿ ಆಯ್ತಾ?

ಅಕ್ಕ: ಇದನ್ನು ಎಲ್ಲರೂ ಓದಿ. ಇಂಗ್ಲೆಂಡಿನಲ್ಲಿ ಒಪ್ಪಿಗೆ ಇಲ್ಲದೆ ಬೇರೆಯವರ ಜಮೀನಿನಲ್ಲಿ ಡರ್ಟ್ ಬೈಕ್ ಓಡಿಸಿದರೆ 1,000 ಪೌಂಡ್‌ವರೆಗೆ ದಂಡ. 1988ರ ರಸ್ತೆ ಸಂಚಾರ ಕಾಯ್ದೆ, 34ನೇ ಸೆಕ್ಷನ್. ಪೊಲೀಸರು ಗಾಡಿಯನ್ನೇ ಎತ್ತಿಕೊಂಡು ಹೋಗಬಹುದು. ತಮ್ಮಾ, ನಿನಗೇ ಹೇಳಿದ್ದು.

ತಮ್ಮ: ದಂಡ ಸರಿ ಅಕ್ಕಾ. ಗಾಡಿ ಕಿತ್ತುಕೊಳ್ಳುವುದು ಜಾಸ್ತಿ ಆಯ್ತು. ನಾವು ಹೋಗುವುದು ಇಲ್ಲಿ ಇಂಗ್ಲೆಂಡಿನ ಖಾಲಿ ಗುಡ್ಡಕ್ಕೆ. ಬೇಲಿ ಇಲ್ಲ, ಬೋರ್ಡ್ ಇಲ್ಲ, ಬೆಳೆ ಇಲ್ಲ. ಯಾರಿಗೇನು ನಷ್ಟ?

ಚಿಕ್ಕಪ್ಪ: ಬೇಲಿ ಇಲ್ಲ ಅಂದರೆ ಮಾಲೀಕ ಇಲ್ಲ ಅಂತಲ್ಲ ಕಣೋ.

ಅಕ್ಕ: ದನ ಕುರಿ ಮೇಯುವ ಊರೊಟ್ಟಿನ ಜಾಗಕ್ಕೂ, ಕಾಲುದಾರಿಗೂ ಇದೇ ಕಾಯ್ದೆ ಚಿಕ್ಕಪ್ಪ. ಗಾಡಿ ನಿಲ್ಲಿಸಲು ರಸ್ತೆಯಿಂದ 15 ಗಜ ಒಳಗೆ ಹೋದರೆ ಅಪರಾಧವಲ್ಲ, ಅಷ್ಟೇ.

ನಾನು: ಅಕ್ಕನ ಮನೆಗೆ ಹೋದಾಗ ಅಂಥದೇ ಗುಡ್ಡ ಹತ್ತಿದ್ದೆ. ಬೈಕ್ ಜಾಡಿನಲ್ಲಿ ಕಾಲಿಟ್ಟರೆ ಇಡೀ ಬೂಟು ಮುಳುಗಿತು. ಹುಲ್ಲಿನ ಬೇರು ದಾರದ ಹಾಗೆ ಹೊರಗೆ ನೇತಾಡುತ್ತಿತ್ತು. ಚಕ್ರ ಒತ್ತಿದ ಮಣ್ಣಿನಲ್ಲಿ ನೀರು ಇಂಗುವುದಿಲ್ಲ. ಅದೇ ಗೀರು ಹಿಡಿದು ಹರಿಯುತ್ತದೆ, ಇಕ್ಕೆಲದ ಮಣ್ಣನ್ನೂ ಕೊಚ್ಚುತ್ತದೆ. ಕೆಳಗೆ ಬರುವಷ್ಟರಲ್ಲಿ ಅದು ಕಾಲುವೆಯೇ ಆಗಿತ್ತು. ಜಾಡು ಕೆಸರಾದರೆ ಮುಂದಿನವನು ಪಕ್ಕದ ಹುಲ್ಲಿನ ಮೇಲೆ ಹೋಗುತ್ತಾನೆ. ಟಿಟ್ಟಿಭ ಹಕ್ಕಿ ಮೊಟ್ಟೆ ಇಡುವುದೂ ಬರೀ ನೆಲದ ಮೇಲೆ. ಖಾಲಿ ಅಂತ ಹೇಗೆ ಹೇಳ್ತೀಯ?

ತಮ್ಮ: ಒಪ್ಪಿದೆ. ಆದರೂ ಏಕಾಏಕಿ ಗಾಡಿಯೇ ಹೋಗುವುದಾ? ಸಾಲ ಇನ್ನೂ ತೀರಿಲ್ಲ.

ನಾನು: ಜನರಿಗೆ ಕಿರಿಕಿರಿ, ಗಾಬರಿ ಆಗುವ ಹಾಗೆ ಓಡಿಸಿದರೆ 2002ರ ಪೊಲೀಸ್ ಸುಧಾರಣಾ ಕಾಯ್ದೆಯ 59ನೇ ಸೆಕ್ಷನ್ ಹಾಕಿ ಗಾಡಿ ಎತ್ತಿಕೊಂಡು ಹೋಗುತ್ತಾರೆ. ಮೊದಲು ಎಚ್ಚರಿಕೆ ಕೊಡಬೇಕು ಅಂತ ಅದರಲ್ಲಿ ಬರೆದಿದ್ದರು. ಆ ಎಚ್ಚರಿಕೆಯನ್ನೂ ತೆಗೆಯಲು 2025ರಲ್ಲಿ ಸರ್ಕಾರ ಮಸೂದೆ ತಂದಿತು. ಅದು ನನಗೆ ಒಪ್ಪಿಗೆಯಿಲ್ಲ. ಗೊತ್ತಿಲ್ಲದೆ ಬಂದವನಿಗೆ ಒಂದು ಮಾತು ಹೇಳಿ ಬಿಡಬೇಕು. ಆದರೆ ಹೇಳಿದ ಮೇಲೂ ಬಂದರೆ ಗಾಡಿ ಹೋಗಲೇಬೇಕು. ದುಡ್ಡಿರುವವನು ದಂಡ ಕಟ್ಟಿ ಮುಂದಿನ ವಾರ ಮತ್ತೆ ಬರುತ್ತಾನೆ, ಅಲ್ವಾ?

ಚಿಕ್ಕಪ್ಪ: ಸರಿಯಾದ ಮಾತು.

ತಮ್ಮ: ಗುಡ್ಡ ಯಾರದು ಅಂತ ತಿಳಿಯುವುದು ಹೇಗೆ?

ಅಕ್ಕ: ಲ್ಯಾಂಡ್ ರಿಜಿಸ್ಟ್ರಿಯಲ್ಲಿ, ಅಂದರೆ ಜಮೀನು ಯಾರದು ಅಂತ ದಾಖಲೆ ಇಡುವ ಸರ್ಕಾರಿ ಕಚೇರಿಯಲ್ಲಿ, ಹುಡುಕು. ಮಾಲೀಕರ ಹತ್ತಿರ ಕೇಳು, ಒಪ್ಪಿದರೆ ಬರೆಸಿಕೋ.

ತಮ್ಮ: ಆಯ್ತು. ಶನಿವಾರ ಬರುವುದಿಲ್ಲ ಅಂತ ಗೆಳೆಯರಿಗೆ ಈಗಲೇ ಹೇಳುತ್ತೇನೆ.