ಧ್ಯಾನಕ್ಕೆ ಕೂತರೆ ತೂಕಡಿಕೆ: ತಮ್ಮನಿಗೆ ಒಂದು ಉದ್ದದ ಉತ್ತರ

ತಮ್ಮಾ, ನಿನ್ನ ಮೆಸೇಜ್ ಬೆಳಗ್ಗೆನೇ ನೋಡಿದೆ. ಎರಡು ಸಾಲಿನಲ್ಲಿ ಮುಗಿಯುವ ಮಾತಲ್ಲ ಅಂತ ಶಾಲೆ ಬಿಡುವ ತನಕ ಸುಮ್ನಿದ್ದೆ. ಈಗ ಉದ್ದಕ್ಕೆ ಹೇಳುತ್ತೇನೆ. ಬೇಡ ಅನ್ನಿಸಿದವರು ಮುಂದಿನ ಮೆಸೇಜಿಗೆ ಹೋಗಿ, ನನಗೇನೂ ಬೇಜಾರಿಲ್ಲ.

ಉಳಿದವರಿಗೆ ಗೊತ್ತಾಗಲಿ ಅಂತ ಇವನು ಕೇಳಿದ್ದು ಹೇಳುತ್ತೇನೆ. ಹೈದರಾಬಾದಿಗೆ ಹೋಗಿ ಹತ್ತು ದಿನದ ವಿಪಶ್ಯನಾ ಶಿಬಿರ, ಅಂದರೆ ಮೈಯಲ್ಲಿ ಆಗುವ ಸಂವೇದನೆಗಳನ್ನು ಸುಮ್ನೆ ನೋಡುವ ಬೌದ್ಧ ಧ್ಯಾನದ ಶಿಬಿರ, ಮಾಡಿ ಬಂದಿದ್ದಾನೆ. ಮೊದಮೊದಲು ಕೂತರೆ ಮೈಯೆಲ್ಲ ಜುಮ್ ಅನ್ನುತ್ತಿತ್ತಂತೆ. ಒಂದು ಗಂಟೆ ಹೋದದ್ದೇ ಗೊತ್ತಾಗುತ್ತಿರಲಿಲ್ಲವಂತೆ. ಈಗ ಏನೂ ಇಲ್ಲ, ಬರೀ ತೂಕಡಿಕೆ. ಇನ್ನೂ ಆಳಕ್ಕೆ ಹೋಗಬೇಕು, ಇಪ್ಪತ್ತು ದಿನದ ಶಿಬಿರಕ್ಕೆ ಹೋಗಲಾ, ಇಲ್ಲಾ ಯೂಟ್ಯೂಬಿನಲ್ಲಿ ನೋಡಿದ ಟಿಬೆಟಿನವರ ಧ್ಯಾನ ಹಿಡಿಯಲಾ ಅಂತ ಕೇಳಿದ್ದಾನೆ. ಅದರ ಕೆಳಗೆ ಕಾಕಾ ಅವರು, ಕಣ್ಣು ಮುಚ್ಚಿ ಕೂತರೆ ಸಮಾಜಕ್ಕೇನು ಲಾಭ ಅಂತ ಹಾಕಿದ್ದಾರೆ. ಕಾಕಾ, ನಿಮ್ಮದಕ್ಕೆ ಆಮೇಲೆ ಬರುತ್ತೇನೆ.

ಇಪ್ಪತ್ತು ದಿನದ್ದು ನಿನಗೆ ಈಗ ಸಿಗುವುದೂ ಇಲ್ಲ ತಮ್ಮಾ. ಈ ಶಿಬಿರಗಳನ್ನು ಹಬ್ಬಿಸಿದ ಆಚಾರ್ಯ ಗೋಯೆಂಕಾಜಿ ಪರಂಪರೆಯಲ್ಲಿ ಎಂಟು ದಿನದ ಸತಿಪಟ್ಠಾನ ಶಿಬಿರಕ್ಕೇ ಹತ್ತು ದಿನದ ಶಿಬಿರ 3 ಆಗಿರಬೇಕು. ಒಂದು ವರ್ಷ ಮನೆಯಲ್ಲಿ ಬೆಳಗ್ಗೆ, ಸಂಜೆ ಬಿಡದೆ ಕೂತಿರಬೇಕು. ಆ ಶಿಬಿರ ಆದ ಮೇಲೇ ಇಪ್ಪತ್ತು ದಿನದ ಮಾತು. ನಿಯಮ ಸರಿಯಾಗೇ ಇದೆ ಅಂತ ನನ್ನ ಅಭಿಪ್ರಾಯ. ಯೂಟ್ಯೂಬಿನದ್ದೂ ಸದ್ಯಕ್ಕೆ ಬಿಡು. ಟಿಬೆಟಿನವರ ದಾರಿ ಕಡಿಮೆಯದು ಅಂತಲ್ಲ, ಅದಕ್ಕೂ ಎದುರಿಗೆ ಕೂತು ಕಲಿಸುವ ಗುರು ಬೇಕು. ನೀನು ಅಡ್ಡಿ ಅಂತ ದೂರುತ್ತಿರುವ ತೂಕಡಿಕೆಯನ್ನೇ ಇನ್ನೂ ಸರಿಯಾಗಿ ನೋಡಿಲ್ಲ. ನಿನ್ನ ಮುಂದಿನ ಪಾಠ ಅದೇ.

ಸತಿಪಟ್ಠಾನ ಸುತ್ತದಲ್ಲಿ, ಅಂದರೆ ಬುದ್ಧರ ಉಪದೇಶಗಳ ಸಂಗ್ರಹವಾದ ಮಜ್ಝಿಮ ನಿಕಾಯದ 10ನೆಯ ಉಪದೇಶದಲ್ಲಿ, ನೋಡಬೇಕಾದ್ದು ನಾಲ್ಕು ಅಂತ ಬುದ್ಧರು ಹೇಳುತ್ತಾರೆ: ಕಾಯ, ಸಂವೇದನೆ, ಚಿತ್ತ, ಧಮ್ಮ (ಇಲ್ಲಿ ಧಮ್ಮ ಅಂದರೆ ಮನಸ್ಸಿನಲ್ಲಿ ಬಂದುಹೋಗುವ ಸಂಗತಿಗಳು). ನಾಲ್ಕನೆಯದು ಶುರುವಾಗುವುದೇ ಐದು ನೀವರಣಗಳಿಂದ, ಅಂದರೆ ಮನಸ್ಸಿಗೆ ಬರುವ ಅಡ್ಡಿಗಳಿಂದ. ಆಸೆ, ಸಿಟ್ಟು, ತೂಕಡಿಕೆ, ಚಡಪಡಿಕೆ, ಅನುಮಾನ. ಇವನ್ನು ಓಡಿಸಿ ಬಂದು ಆಮೇಲೆ ಕೂತ್ಕೋ ಅಂತ ಅಲ್ಲಿ ಇಲ್ಲ. ತೂಕಡಿಕೆ ಇದ್ದರೆ ಇದೆ ಅಂತ ತಿಳಿ, ಇಲ್ಲದಿದ್ದರೆ ಇಲ್ಲ ಅಂತ ತಿಳಿ, ಹೇಗೆ ಬಂತು, ಹೇಗೆ ಹೋಯಿತು ಅದನ್ನೂ ತಿಳಿ ಅಂತಿದೆ. ಅಂದರೆ ಉಸಿರು ನೋಡಿದ ಹಾಗೇ ಇದನ್ನೂ ನೋಡಬೇಕು.

ಹೇಗೆ ಅಂತ ಕೇಳುತ್ತೀಯ. ಮುಂದಿನ ಸಲ ಕೂತಾಗ ಅದು ಎಲ್ಲಿಂದ ಹತ್ತುತ್ತದೆ ಗಮನಿಸು. ರೆಪ್ಪೆ ಭಾರ ಆಗುವುದು ಆಮೇಲೆ. ಅದಕ್ಕಿಂತ ಮೊದಲು ಉಸಿರು ಸಣ್ಣದಾಗುತ್ತದೆ. ಕೆಳಗಿನ ತುಟಿ ಸಡಿಲ ಆಗುತ್ತದೆ. ಬೆನ್ನು ಸೊಂಟದ ಹತ್ತಿರ ಒಂದು ಬೆರಳಷ್ಟು ಕುಸಿಯುತ್ತದೆ. ಆಮೇಲೆ ಯಾವುದೋ ಅರ್ಧ ಚಿತ್ರ ಬರುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಯಾರೋ ನಿನ್ನ ಕೈಯಲ್ಲಿ ಚೀಲ ಕೊಡುತ್ತಾರೆ, ತೊಗರಿಗೆ ರೇಟ್ ಎಷ್ಟು ಅಂತ ಕೇಳುತ್ತಾರೆ, ಅದಕ್ಕೆ ತಲೆ ಬುಡ ಏನೂ ಇರುವುದಿಲ್ಲ. ತಲೆ ಜೋಲಿ ಹೊಡೆಯುವುದು ಕೊನೆಗೆ. ನಾವು ಎಚ್ಚರ ಆಗುವುದು ಆ ಜೋಲಿಯಲ್ಲಿ. ನೀನು ಉಸಿರು ಸಣ್ಣದಾಗುವ ಕಡೆಗೇ ಹಿಡಿಯಲು ನೋಡು. ಸಿಕ್ಕ ದಿನ ಮೈಯೆಲ್ಲ ಜುಮ್ ಅನ್ನದಿದ್ದರೂ ಪರವಾಗಿಲ್ಲ.

ಅಷ್ಟಾದರೂ ಹೋಗದಿದ್ದರೆ? ಅದಕ್ಕೂ ಬುದ್ಧರೇ ಉಪಾಯ ಕೊಟ್ಟಿದ್ದಾರೆ. ಅಂಗುತ್ತರ ನಿಕಾಯ ಅನ್ನುವ ಇನ್ನೊಂದು ಸಂಗ್ರಹದಲ್ಲಿದೆ. ಮೊಗ್ಗಲ್ಲಾನ, ಅಂದರೆ ಆಮೇಲೆ ಅವರ ಇಬ್ಬರು ಮುಖ್ಯ ಶಿಷ್ಯರಲ್ಲಿ ಒಬ್ಬರಾದವರು, ಮಗಧದ ಒಂದು ಹಳ್ಳಿಯಲ್ಲಿ ಕೂತಲ್ಲೇ ತೂಕಡಿಸುತ್ತಿದ್ದರು. ಅಂಥವರಿಗೇ ಬಂದಿದೆ, ನಿನಗೆ ನಾಚಿಕೆ ಯಾಕೆ? ಬುದ್ಧರು ಅವರಿಗೆ ಒಂದೊಂದಾಗಿ ಹೇಳುತ್ತಾರೆ. ಯಾವ ಯೋಚನೆಯಿಂದ ಮಂಪರು ಬಂತೋ ಅದಕ್ಕೆ ಗಮನ ಕೊಡಬೇಡ. ಕಲಿತ ಧಮ್ಮವನ್ನು, ಅಂದರೆ ಬೋಧನೆಯನ್ನು, ನೆನೆಸಿಕೋ. ಬಾಯಿಬಿಟ್ಟು ಪಠಣ ಮಾಡು. ಎರಡೂ ಕಿವಿ ಹಿಡಿದು ಎಳೆ, ಕೈಕಾಲು ಉಜ್ಜಿಕೋ. ಎದ್ದು ಕಣ್ಣಿಗೆ ನೀರು ಹಾಕಿಕೋ, ಸುತ್ತ ನೋಡು, ಮೇಲೆ ನಕ್ಷತ್ರ ನೋಡು. ಮನಸ್ಸಿನಲ್ಲಿ ಹಗಲಿನ ಬೆಳಕು ತಂದುಕೋ. ಎದ್ದು ಅತ್ತಿಂದಿತ್ತ ನಡೆ. ಏನೂ ಆಗದಿದ್ದರೆ ಬಲಮಗ್ಗುಲಾಗಿ ಮಲಗು, ಇಷ್ಟು ಹೊತ್ತಿಗೆ ಏಳುತ್ತೇನೆ ಅಂತ ಮನಸ್ಸು ಮಾಡಿ ಮಲಗು. ಕೊನೆಗೆ ಮಲಗೋಕೂ ಬಿಟ್ಟರಲ್ಲ, ಅದು ನನಗೆ ಬಹಳ ಇಷ್ಟ.

ನಿನಗೆ ಇದರಲ್ಲಿ ನಡಿಗೆ ಸರಿಹೊಂದುತ್ತದೆ ಅಂತ ನನಗನ್ನಿಸುತ್ತದೆ. ಮನೆಯಲ್ಲಿ ಶಹಾಬಾದ್ ಪರ್ಸಿ, ಅಂದರೆ ಕಲ್ಲು ಚಪ್ಪಡಿಯ ನೆಲ, ಇದೆಯಲ್ಲ. ಬೆಳಗಿನ ಜಾವ ಚಪ್ಪಲಿ ಬಿಟ್ಟು ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ನಿಧಾನ ನಡೆ. ಹಿಮ್ಮಡಿ ತಾಕಿದಾಗ ಕಲ್ಲು ತಣ್ಣಗಿರುತ್ತದೆ. ಭಾರ ಮುಂಗಾಲಿಗೆ ಬರುವಷ್ಟರಲ್ಲಿ ಆ ತಂಪು ಹೋಗಿರುತ್ತದೆ. ಎರಡು ಪರ್ಸಿ ಸೇರುವ ಸಿಮೆಂಟಿನ ಗೆರೆ ಹೆಬ್ಬೆರಳಿಗೆ ಒರಟಾಗಿ ಸಿಗುತ್ತದೆ. ನಡುವೆ ಮಣ್ಣಿನ ಹರಳು ಚುಚ್ಚುತ್ತದೆ, ಅವತ್ತು ಕಸ ಹೊಡೆದಿಲ್ಲ ಅಂತಲೂ ಗೊತ್ತಾಗುತ್ತದೆ! ಹತ್ತು ನಿಮಿಷ ಹೀಗೆ ನಡೆದು ಆಮೇಲೆ ಕೂತ್ಕೋ. ಸನ್ನತಿ ಹತ್ತಿರ ಹಳೇ ಬೌದ್ಧ ಸ್ತೂಪ ಇರುವ ಕನಗನಹಳ್ಳಿಗೆ ಹೋದಾಗ ನಾವೆಲ್ಲ ರಾಯ ಅಸೋಕೋ, ಅಂದರೆ ಅಶೋಕ ರಾಜ, ಅಂತ ಬರೆದ ಶಿಲ್ಪದ ಮುಂದೆ ಫೋಟೋ ತೆಗೆದುಕೊಂಡು ಬಂದುಬಿಟ್ಟೆವು. ಸ್ತೂಪದ ಸುತ್ತ ಜನ ನಡೆಯುತ್ತಿದ್ದ ದಾರಿ ಇದೆಯಲ್ಲ, ಅಲ್ಲಿ ಯಾರೂ ನಾಲ್ಕು ಹೆಜ್ಜೆ ಹಾಕಲಿಲ್ಲ.

ಇನ್ನೊಂದು ಮಾತು. ಸೇಡಂ ಫ್ಯಾಕ್ಟರಿಯಲ್ಲಿ ನೈಟ್ ಶಿಫ್ಟ್ ಮಾಡಿ, ಬಸ್ಸಿನಲ್ಲಿ ನಿಂತು ಬಂದು, ರೊಟ್ಟಿ ಪಲ್ಯ ಹೊಟ್ಟೆ ತುಂಬ ಉಂಡು ಕೂತರೆ ಬರುವುದು ನೀವರಣ ಗೀವರಣ ಏನೂ ಅಲ್ಲ, ಸಾದಾ ನಿದ್ದೆ. ಮಲಗು. ಎದ್ದು, ಊಟಕ್ಕೆ ಮುಂಚೆ ಕೂತ್ಕೋ. ಡೇ ಶಿಫ್ಟ್ ವಾರದಲ್ಲಿ ಬೆಳಗ್ಗೆ ಮಾಡು. ಮನಸ್ಸು ಮಂದ ಇರುವಾಗ ಗಮನವನ್ನು ತಲೆಯಿಂದ ಕಾಲಿನ ತನಕ ಸುಮ್ನೆ ಓಡಿಸಬೇಡ. ಆನಾಪಾನಕ್ಕೆ, ಅಂದರೆ ಉಸಿರು ನೋಡುವುದಕ್ಕೆ, ವಾಪಸ್ ಬಾ, ಮೂಗಿನ ಕೆಳಗೆ, ಮೇಲ್ದುಟಿಯ ಮೇಲಿನ ಚಿಕ್ಕ ಜಾಗ. ಶಿಬಿರದಲ್ಲಿ ಮೊದಲ ಮೂರು ದಿನ ಅದನ್ನೇ ಯಾಕೆ ಮಾಡಿಸಿದರು ಅಂತ ಈಗ ತಿಳಿಯುತ್ತದೆ.

ಏನೂ ಇಲ್ಲ ಅಂತ ಬರೆದಿದ್ದೀಯಲ್ಲ, ಅದೂ ಪೂರ್ತಿ ನಿಜ ಅಲ್ಲ. ಸಂವೇದನೆ ಮೂರು ತರಹ ಅಂತ ಬುದ್ಧರು ಹೇಳಿದ್ದಾರೆ: ಸುಖ, ದುಃಖ, ಎರಡೂ ಅಲ್ಲದ್ದು. ಜುಮ್ ಅನ್ನುವುದು ನಿನಗೆ ಸುಖ, ಮೊಣಕಾಲು ನೋವು ದುಃಖ. ಅಂಗಿ ಭುಜಕ್ಕೆ ತಾಕುವುದು, ಅಂಗೈ ಬೆಚ್ಚಗಿರುವುದು, ಇವು ಮೂರನೆಯವು. ಇಲ್ಲಿ ಮನಸ್ಸಿಗೆ ತಿನ್ನಲು ಏನೂ ಸಿಗದೆ ಬೇಸರ ಬರುತ್ತದೆ, ಬೇಸರದ ಹಿಂದೆಯೇ ನಿದ್ದೆ ಬರುತ್ತದೆ. ಆ ಜುಮ್ ಮತ್ತೆ ಬರಲಿ ಅಂತ ಕಾಯುವುದೂ ಆಸೆಯೇ, ನೀವರಣಗಳಲ್ಲಿ ಮೊದಲನೆಯದು. ಆಳ ಅಂದರೆ ಜುಮ್ ಜಾಸ್ತಿ ಆಗುವುದು ಅಂತ ಯಾರು ಹೇಳಿದರು ನಿನಗೆ? ಫೋರ್‌ಮನ್ ಬೈದಾಗ ಹೊಟ್ಟೆಯಲ್ಲಿ ಬಿಸಿ ಏಳುವುದು ಬಾಯಿ ತೆರೆಯುವ ಮೊದಲೇ ಗೊತ್ತಾಗುತ್ತದಾ? ಅದನ್ನು ನೋಡು. ಕೊನೆಗೆ ಮೈತ್ರಿ, ಅಂದರೆ ಎಲ್ಲರಿಗೂ ಒಳ್ಳೆಯದಾಗಲಿ ಅಂತ ಹಾರೈಸುವ ಧ್ಯಾನ, ಮಾಡುವಾಗ ಆ ಫೋರ್‌ಮನ್‌ನನ್ನೂ ಸೇರಿಸು. ಕಷ್ಟ ಆಗುತ್ತದೆ, ಗೊತ್ತು.

ಆದರೆ ಕೂತಾಗ ಹೆದರಿಕೆ ಆದರೆ, ರಾತ್ರಿ ರಾತ್ರಿ ನಿದ್ದೆ ಬಾರದಿದ್ದರೆ, ಹಟ ಮಾಡಬೇಡ. ನಿಲ್ಲಿಸಿ ಶಿಬಿರದ ಆಚಾರ್ಯರಿಗೆ ಹೇಳು, ಡಾಕ್ಟರಿಗೂ ತೋರಿಸು.

ಕಾಕಾ, ಈಗ ನಿಮ್ಮದು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬ್ ಅಂಬೇಡ್ಕರರು ಬೌದ್ಧ ದೀಕ್ಷೆ ತಗೊಂಡು, ಜನರಿಗೂ ಕೊಟ್ಟರಲ್ಲ, 22 ಪ್ರತಿಜ್ಞೆ. 11ನೆಯದು ಅಷ್ಟಾಂಗ ಮಾರ್ಗದಲ್ಲಿ, ಅಂದರೆ ಬುದ್ಧರು ಹೇಳಿದ ಎಂಟು ಅಂಗಗಳ ದಾರಿಯಲ್ಲಿ, ನಡೆಯುತ್ತೇನೆ ಅಂತ. ಆ ಎಂಟರಲ್ಲಿ ಸಮ್ಯಕ್ ಸ್ಮೃತಿ (ಸರಿಯಾದ ಎಚ್ಚರ), ಸಮ್ಯಕ್ ಸಮಾಧಿ (ಸರಿಯಾದ ಏಕಾಗ್ರತೆ) ಎರಡೂ ಇವೆ. ಸಮ್ಯಕ್ ವಾಚಾ (ಸರಿಯಾದ ಮಾತು), ಸಮ್ಯಕ್ ಕರ್ಮವೂ (ಸರಿಯಾದ ನಡತೆ) ಇವೆ, ನೀವು ಹೇಳುವ ಸಮಾಜದ ಕೆಲಸ ಅಲ್ಲಿ ಬರುತ್ತದೆ. ಒಂದನ್ನು ಹಿಡಿದು ಇನ್ನೊಂದನ್ನು ಬಿಡಿ ಅಂತ ಯಾರೂ ಹೇಳಿಲ್ಲ. ಜಗಳ ಬೇಡ, ಒಮ್ಮೆ ನಮ್ಮ ಜೊತೆ ಕೂತು ನೋಡಿ, ಆಮೇಲೆ ಬೈಯಿರಿ.

ಭಾನುವಾರ ಬೆಳಗ್ಗೆ ಆರಕ್ಕೆ ನಮ್ಮ ಮನೆಯಲ್ಲಿ ಒಂದು ಗಂಟೆ ಎಲ್ಲರೂ ಸೇರಿ ಕೂರುತ್ತೇವೆ. ಒಬ್ಬನೇ ಕೂತಾಗ ಬರುವಷ್ಟು ನಿದ್ದೆ ಅಲ್ಲಿ ಬರುವುದಿಲ್ಲ, ಪಕ್ಕದವರ ಮುಂದೆ ಗೊರಕೆ ಹೊಡೆಯಲು ಯಾರಿಗೆ ಧೈರ್ಯ ಇರುತ್ತದೆ! ಶಿಫ್ಟ್ ಇದ್ದರೆ ಶನಿವಾರ ಸಂಜೆಯೊಳಗೆ ಗ್ರೂಪಿನಲ್ಲಿ ಹಾಕು. ಬರುವಾಗ ದಪ್ಪ ಚಾಪೆ ತಗೊಂಡು ಬಾ, ಇಲ್ಲಿರುವವು ಹಳೇವು, ಮೊಣಕಾಲಿಗೆ ಒತ್ತುತ್ತವೆ.