ಎಂಬಿಎ ಪ್ರವೇಶ ಪರೀಕ್ಷೆ ಕ್ಯಾಟ್‌ನಲ್ಲಿ ಸ್ಕೋರ್ ಮೇಲೇಳ್ತಾನೇ ಇಲ್ಲ, ಏನು ಮಾಡಲಿ?

ಕುಂಬಳೆಯ ಹುಡುಗಿ: ಓದಿದ್ದು ಕನ್ನಡ ಮೀಡಿಯಂ. ಪ್ರತಿ ಸಲ ಮಂಗಳೂರಿಗೆ ಹೋಗಿ ಬರೆದು ಬರುತ್ತೇನೆ, ಲೆಕ್ಕ ಪರವಾಗಿಲ್ಲ, ಇಂಗ್ಲಿಷ್ ಪ್ಯಾಸೇಜಿನಲ್ಲೇ ಎಲ್ಲ ಮುಳುಗುತ್ತದೆ. ಮತ್ತೆ ಕೋಚಿಂಗ್‌ಗೆ ದುಡ್ಡು ಹಾಕಬೇಕಾ?

ಬದಿಯಡ್ಕ: ಬೇಡ ಮಾರಾಯ್ತಿ. ಮಾಕ್ (ಅಭ್ಯಾಸ ಪರೀಕ್ಷೆ) ಬರೆದು ಸ್ಕೋರ್ ನೋಡಿ ಮುಚ್ಚಿಟ್ಟರೆ ಸುಮ್ನೆ ದಂಡ. ಹಳೇ ಪ್ರಶ್ನೆಪತ್ರಿಕೆ ಪ್ರಿಂಟ್ ತೆಗೆದು, ತಪ್ಪಾದ ಒಂದೊಂದು ಪ್ರಶ್ನೆಗೂ ಸರಿ ಉತ್ತರ ಪ್ಯಾಸೇಜಿನ ಯಾವ ಸಾಲಿನಲ್ಲಿದೆ ಅಂತ ಹುಡುಕಿ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಬೇಜಾರಿನ ಕೆಲಸವೇ, ಆದರೆ ಕಣ್ಣು ಪಳಗುವುದು ಅಲ್ಲೇ.

ಮಂಜೇಶ್ವರ: ಊಹೆ ಜಾಸ್ತಿ ಆಗಿದೆಯಾ ನೋಡಿ. ಸರಿಯಾದರೆ 3, ಆಯ್ಕೆ ಕೊಟ್ಟಿರುವ ಪ್ರಶ್ನೆ ತಪ್ಪಿದರೆ ಮೈನಸ್ 1. ಉತ್ತರ ಟೈಪ್ ಮಾಡುವ ಪ್ರಶ್ನೆಗೆ ಮೈನಸ್ ಇಲ್ಲ, ಅದನ್ನು ಖಾಲಿ ಬಿಡಬೇಡಿ.

ಕುಂಬಳೆಯ ಹುಡುಗಿ: ಇಂಗ್ಲಿಷ್ ಭಾಗದ 40 ನಿಮಿಷದಲ್ಲಿ ಎಲ್ಲ ಪ್ಯಾಸೇಜ್ ಓದಬೇಕಲ್ವಾ?

ಬದಿಯಡ್ಕ: ಯಾರು ಹೇಳಿದ್ದು? ತತ್ವಶಾಸ್ತ್ರದ್ದು ಬಂದರೆ ನಾನಂತೂ ಬಿಟ್ಟೇ ಬಿಡುತ್ತೇನೆ.