ಬಳ್ಳಾರಿ ಬಿಸಿಲಲ್ಲಿ ಗಿಡದ ಅಕ್ವೇರಿಯಂ: ಯಾವ ಕ್ಯಾನಿಸ್ಟರ್ ಫಿಲ್ಟರ್, ಜೊತೆಗೆ ಏನೇನು ಬೇಕು?

ಕೋಟೆಗುಡ್ಡ (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ನನ್ನದು 3 ಅಡಿ ಟ್ಯಾಂಕ್, 90×45×45 ಸೆಂ.ಮೀ. ಹಿಂದೆ ವ್ಯಾಲಿಸ್ನೇರಿಯಾ, ನಡುವೆ ಕ್ರಿಪ್ಟೊಕೊರಿನ್, ಮರದ ತುಂಡಿಗೆ ಕಟ್ಟಿದ ಅನುಬಿಯಾಸ್. ಮೀನು ಅಂದ್ರೆ ಗಪ್ಪಿ, ಚೆರ್ರಿ ಬಾರ್ಬ್, ಜೊತೆಗೆ ಒಂದಿಷ್ಟು ಚೆರ್ರಿ ಸೀಗಡಿ. ನಿಯಾನ್ ಟೆಟ್ರಾ ತರುವ ಆಸೆಯೂ ಇದೆ. ಈಗ ಗಾಜಿಗೆ ನೇತುಹಾಕುವ ಫಿಲ್ಟರ್ ಓಡುತ್ತಿದೆ. ಗಿಡಕ್ಕೆ ಸಿಒಟು (ಇಂಗಾಲದ ಡೈಆಕ್ಸೈಡ್) ಸಿಲಿಂಡರ್ ಹಾಕಿದ ಮೇಲೆ ಅದು ಬೇಡ, ಕ್ಯಾನಿಸ್ಟರ್ (ಟ್ಯಾಂಕಿನ ಹೊರಗೆ ಕೂರುವ, ಪೈಪಲ್ಲಿ ನೀರು ಹೋಗಿಬರುವ ಡಬ್ಬಿ ಫಿಲ್ಟರ್) ತಗೊಳ್ಳೋಣ ಅನಿಸುತ್ತಿದೆ. ನೀರು ಮೇಲಿಂದ ದಬದಬ ಬೀಳುತ್ತದೆ, ಗ್ಯಾಸ್ ಎಲ್ಲ ಹಾರಿಹೋಗುತ್ತದೆ, ರಾತ್ರಿ ಸದ್ದು ಬೇರೆ.

ಅಂಗಡಿಯವರು ಸನ್‌ಸನ್ 304ಬಿ ತಗೊಳ್ಳಿ, ಗಂಟೆಗೆ 2000 ಲೀಟರ್, ಒಳಗೆ ಯುವಿ ಲೈಟೂ ಇದೆ, ದೊಡ್ಡದಿದ್ದಷ್ಟು ಒಳ್ಳೆಯದು ಅಂತಾರೆ. ಇಂಟರ್‌ನೆಟ್ಟಲ್ಲಿ ನೋಡಿದರೆ ಅರ್ಧ ಜನ ಏಹೈಮ್ ಬಿಟ್ಟು ಬೇರೆ ಮುಟ್ಟಲೇಬೇಡಿ ಅಂತಾರೆ. ನೀರು ಬೋರಿನದು, ಟಿಡಿಎಸ್ (ಕರಗಿದ ಉಪ್ಪಿನಂಶ) 900ರ ಹತ್ತಿರ. ಕರೆಂಟ್ ಬೇಸಿಗೆಯಲ್ಲಿ ಯಾವಾಗ ಹೋಗುತ್ತದೋ ಹೇಳೋಕಾಗಲ್ಲ. ಲಿಲಿ ಪೈಪ್ (ಟ್ಯಾಂಕಿಗೆ ನೀರು ಹೋಗಿಬರುವ ಬಾಗಿದ ಪೈಪ್), ಇನ್‌ಲೈನ್ ಡಿಫ್ಯೂಸರ್ (ಹೋಸ್ ನಡುವೆಯೇ ಸಿಒಟು ಬೆರೆಸೋದು), ಸ್ಕಿಮ್ಮರ್ (ನೀರಿನ ಮೇಲಿನ ಪೊರೆ ಎಳೆಯೋದು), ಪ್ಯೂರಿಜೆನ್ (ನೀರಿನ ಬಣ್ಣ ತೆಗೆಯೋದು) ಅಂತ ಪಟ್ಟಿ ಬೆಳೀತಾನೇ ಇದೆ. ನಿಜವಾಗಿ ಬೇಕಾಗಿರೋದು ಯಾವುದು?

ಎರಡುನದಿ (ರಾಯಚೂರು)

ಅಂಗಡಿಯವರ ಮಾತು ಬಿಡಿ ಸರ್. ನಿಮ್ಮ ಟ್ಯಾಂಕ್ ಅಂಚಿನ ತನಕ ತುಂಬಿದರೆ 182 ಲೀಟರ್. ಮಣ್ಣು, ಕಲ್ಲು, ಮೇಲೆ ಬಿಡುವ ಜಾಗ ಕಳೆದರೆ ಸುಮಾರು 150 ಲೀಟರ್ ನೀರು. ಅದಕ್ಕೆ 304 ಹಾಕಿದರೆ ಗಪ್ಪಿಗಳು ಬಾಲ ಎಳೆದುಕೊಂಡು ದಿನವಿಡೀ ಈಜುವುದೇ ಆಗುತ್ತದೆ.

ಬಾಕ್ಸ್ ಮೇಲೆ ಬರೆದಿರುವುದು ಒಳಗೆ ಏನೂ ತುಂಬದೆ ಅಳೆದ ಲೆಕ್ಕ. ಸ್ಪಂಜು, ಸೆರಾಮಿಕ್ ರಿಂಗ್ ತುಂಬಿ, ಉದ್ದನೆಯ ಪೈಪು, ಅದರ ಬಾಗು, ತಿಂಗಳ ಕೊಳೆ ಎಲ್ಲ ಸೇರಿದ ಮೇಲೆ ಅದರ ಅರ್ಧ ಬಂದರೂ ಬಂತು ಅಂದುಕೊಳ್ಳಿ. ಗಿಡದ ಟ್ಯಾಂಕಿಗೆ ಗಂಟೆಗೆ ನೀರಿನ ಐದಾರು ಪಟ್ಟು ಅಂತ ಒಂದು ಅಂದಾಜು ಹೇಳುತ್ತಾರೆ. ನಾನು ಅದನ್ನು ಗಟ್ಟಿ ಹಿಡಿಯುವುದಿಲ್ಲ. ಏಹೈಮ್ ಕ್ಲಾಸಿಕ್ 350 ಗಂಟೆಗೆ 620 ಲೀಟರ್ ಮಾತ್ರ, ಆದರೂ ಇಂಥ ಟ್ಯಾಂಕುಗಳನ್ನು ಚೆನ್ನಾಗಿ ನಡೆಸುತ್ತದೆ, ಯಾಕಂದ್ರೆ ಡಬ್ಬಿ ದೊಡ್ಡದು, ಮೀಡಿಯಾ (ಒಳಗೆ ತುಂಬುವ ಸ್ಪಂಜು, ರಿಂಗ್) ಜಾಸ್ತಿ ಹಿಡಿಯುತ್ತದೆ. ಎಲ್ಲ ಮೂಲೆಯಲ್ಲೂ ಎಲೆ ಮೆಲ್ಲಗೆ ಅಲ್ಲಾಡುತ್ತಿದೆಯಾ ಅಂತ ನೋಡಿ, ಅದೇ ಅಳತೆ. ಎಲೆ ಸುಮ್ನೆ ನಿಂತಿರುವ ಮೂಲೆಗೆ ಗ್ಯಾಸೂ ಹೋಗಲ್ಲ, ಗೊಬ್ಬರವೂ ಹೋಗಲ್ಲ, ಪಾಚಿ ಮೊದಲು ಬರೋದೂ ಅಲ್ಲೇ.

ಕೈಯಲ್ಲಿ ದುಡ್ಡಿದ್ದರೆ ಏಹೈಮ್ ಕ್ಲಾಸಿಕ್ 350. ಸದ್ದು ಕಡಿಮೆ, 15 ವ್ಯಾಟ್. ಒಂದೇ ಕಿರಿಕಿರಿ, ಅದಕ್ಕೆ ಪ್ರೈಮಿಂಗ್ ಬಟನ್ ಇಲ್ಲ, ನೀರನ್ನು ನೀವೇ ಎಳೆದು ಶುರು ಮಾಡಬೇಕು. ಕಡಿಮೆಯಲ್ಲಿ ಮುಗಿಸಬೇಕು ಅಂದ್ರೆ ಸನ್‌ಸನ್ 303ಬಿ, ಬಾಕ್ಸ್ ಮೇಲೆ 1400 ಲೀಟರ್, ಪಂಪಿಗೇ 35 ವ್ಯಾಟ್. ಫ್ಲುವಲ್ 307 ಇವೆರಡರ ನಡುವೆ ಬರುತ್ತದೆ, ಒಳಗಿನ ಬುಟ್ಟಿಗಳು ಚೆನ್ನಾಗಿವೆ, ತೊಳೆಯೋದು ಸುಲಭ.

ಹಸಿರುಬುಡ್ಡಿ (ಕೊಪ್ಪಳ)

ಎರಡುನದಿ ಅಣ್ಣ ಹೇಳಿದ್ದು ಸರಿ, ಆದರೆ ನಮ್ಮ ಕಡೆ ಬ್ರ್ಯಾಂಡಿಗಿಂತ ಬೋರ್ ನೀರಿನ ಕಾಟವೇ ಜಾಸ್ತಿ. ಕೊಪ್ಪಳದಲ್ಲೂ ಅದೇ ಗೋಳು. ಫಿಲ್ಟರ್ ಸದ್ದು ಮಾಡೋಕೆ ಶುರು ಮಾಡಿದರೆ ಜನ ಪಂಪ್ ಹೋಯ್ತು ಅಂದುಕೊಳ್ಳುತ್ತಾರೆ. ಮುಚ್ಚಳ ತಿರುಗಿಸಿ ಇಂಪೆಲರ್ (ನೀರು ತಳ್ಳುವ ಪುಟ್ಟ ಚಕ್ರ) ಮೆಲ್ಲಗೆ ಹೊರಗೆ ಎಳೆದು ನೋಡಿ. ಅದರ ನಡುವಿನ ಸಣ್ಣ ಸೆರಾಮಿಕ್ ಕಡ್ಡಿಯ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪದರ ಕೂತಿರುತ್ತದೆ, ಉಗುರಲ್ಲಿ ಕೆರೆದರೆ ಪುಡಿ ಬರುತ್ತದೆ. ಬಿಳಿ ವಿನೆಗರಿನಲ್ಲೋ ನಿಂಬೆ ರಸದಲ್ಲೋ ಅರ್ಧ ಗಂಟೆ ನೆನೆಸಿ, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ ತೊಳೆದರೆ ಮತ್ತೆ ಹೊಸದರ ಹಾಗೆ ಓಡುತ್ತದೆ. ಕಡ್ಡಿಯನ್ನು ಮಾತ್ರ ಓರೆಯಾಗಿ ಎಳೀಬೇಡಿ, ಪಟ್ ಅಂತ ಮುರಿಯುತ್ತದೆ. ಹಾಗಾಗಿ ಫಿಲ್ಟರ್ ಕೊಳ್ಳುವ ದಿನವೇ ಒಂದು ಇಂಪೆಲರ್ ಸೆಟ್, ಒಂದು ಓ-ರಿಂಗ್ (ಮುಚ್ಚಳದ ರಬ್ಬರ್ ಬಳೆ) ಜಾಸ್ತಿ ತಗೊಳ್ಳಿ. ಆಮೇಲೆ ಬೆಂಗಳೂರಿಂದ ಪಾರ್ಸಲ್ ಬರೋ ತನಕ ಮೀನು ಕಾಯೋದಿಲ್ಲ ಅಲ್ವಾ?

ಓ-ರಿಂಗಿಗೆ ಸಿಲಿಕಾನ್ ಗ್ರೀಸ್ ಹಚ್ಚಿ. ವ್ಯಾಸಲೀನ್ ಬೇಡ, ಕೆಲವು ರಬ್ಬರ್ ಉಬ್ಬಿ ಹಾಳಾಗುತ್ತದೆ.

ಗಾಜಿನ ಲಿಲಿ ಪೈಪ್ ನೋಡೋಕೆ ಚಂದ, ಒಪ್ಪುತ್ತೇನೆ. ಆದರೆ ನಿಮ್ಮ ನೀರಿಗೆ ಅದರ ಮೇಲೂ ಬಿಳಿ ಕಲೆ ಕೂರುತ್ತದೆ, ತೊಳೆಯುವಾಗ ಕೈ ಜಾರಿದರೆ ಮುಗೀತು. ಸ್ಟೀಲಿನದು ತಗೊಳ್ಳಿ. ಸ್ಕಿಮ್ಮರ್ ಸೇರಿಕೊಂಡೇ ಬರುವ ಸ್ಟೀಲ್ ಇನ್‌ಟೇಕ್ (ನೀರು ಎಳೆಯುವ ಪೈಪ್) ಸಿಗುತ್ತದೆ, ನೀರಿನ ಮೇಲೆ ಎಣ್ಣೆಯ ಹಾಗೆ ಕಟ್ಟುವ ಪೊರೆ ಹೋಗುತ್ತದೆ. ಸೀಗಡಿ ಇರೋದರಿಂದ ಇನ್‌ಟೇಕ್ ಬಾಯಿಗೆ ಸ್ಪಂಜು ಅಥವಾ ಸಣ್ಣ ಕಣ್ಣಿನ ಜಾಲರಿ ಕಡ್ಡಾಯ. ಸ್ಕಿಮ್ಮರ್ ಬಾಯಿಯನ್ನೂ ಮರೀಬೇಡಿ, ಮರಿಗಳು ಅಲ್ಲಿಂದಲೂ ಒಳಗೆ ಹೋಗುತ್ತವೆ. ಪೈಪ್ ಆರ್ಡರ್ ಮಾಡುವ ಮುಂಚೆ ಹೋಸ್ ಅಳತೆ ನೋಡಿ. 12/16 ಅಂದ್ರೆ ಒಳಗೆ 12 ಮಿ.ಮೀ., ಹೊರಗೆ 16. ಇನ್ನೊಂದು 16/22. ಡಿಫ್ಯೂಸರ್, ಲಿಲಿ ಪೈಪ್ ಎಲ್ಲ ಇದಕ್ಕೆ ಹೊಂದಬೇಕು.

ನಿಯಾನ್ ಟೆಟ್ರಾ ವಿಚಾರ ಮಾತ್ರ ಬಿಟ್ಟುಬಿಡಿ. ಅದಕ್ಕೆ ಮೆದು ನೀರು, ತಂಪು ನೀರು ಎರಡೂ ಬೇಕು. ನಿಮ್ಮಲ್ಲಿ ಎರಡೂ ಇಲ್ಲ. ಗಪ್ಪಿ, ವ್ಯಾಲಿಸ್ನೇರಿಯಾ ಈ ನೀರಿಗೆ ಹೇಳಿ ಮಾಡಿಸಿದಂತಿವೆ.

ಕೋಟೆಗುಡ್ಡ (ಬಳ್ಳಾರಿ)

ಅಕ್ಕಾ, ಇಂಪೆಲರ್ ವಿಷಯ ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ನಿಯಾನ್ ಆಸೆ ಬಿಟ್ಟೆ. ಯುವಿ ಬೇಕಾ ಬೇಡ್ವಾ ಹೇಳಿ. ಮತ್ತೆ ಕರೆಂಟ್ ಹೋದಾಗ ಡಬ್ಬಿಯೊಳಗಿನ, ನೀರು ಶುದ್ಧ ಮಾಡುವ ಬ್ಯಾಕ್ಟೀರಿಯಾ ಸಾಯುತ್ತವೆ ಅಂತಾರಲ್ಲ, ಅದು ನಿಜಾನಾ?

ತುಂಗಭದ್ರಾ_ದಂಡೆ (ಗಂಗಾವತಿ)

ನಿಜ. ಕ್ಯಾನಿಸ್ಟರ್ ಅಂದ್ರೆ ಮುಚ್ಚಿದ ಡಬ್ಬಿ. ನೀರು ನಿಂತ ಕೂಡಲೇ ಒಳಗಿನ ಆಮ್ಲಜನಕವನ್ನು ಬ್ಯಾಕ್ಟೀರಿಯಾಗಳೇ ಬಳಸಿ ಮುಗಿಸುತ್ತವೆ. ಅರ್ಧ ಗಂಟೆ, ಒಂದು ಗಂಟೆ ಆದರೆ ಏನೂ ಆಗಲ್ಲ, ಕರೆಂಟ್ ಬಂದರೆ ತಾನೇ ಓಡಲಿ. ನಾಲ್ಕೈದು ಗಂಟೆ ಹೋದರೆ ಮಾತ್ರ ಹಾಗೇ ಸ್ವಿಚ್ ಹಾಕಬೇಡಿ. ಟ್ಯಾಪ್ ಮುಚ್ಚಿ, ಡಬ್ಬಿ ಬಿಚ್ಚಿ, ಆ ನಾರುವ ನೀರು ಚೆಲ್ಲಿ, ಮೀಡಿಯಾವನ್ನು ಟ್ಯಾಂಕಿನ ನೀರಲ್ಲಿ ಒಮ್ಮೆ ಅದ್ದಿ ತೆಗೆದು ಆಮೇಲೆ ಶುರು ಮಾಡಿ. ನಲ್ಲಿ ನೀರಲ್ಲಿ ತೊಳೀಬೇಡಿ, ಕ್ಲೋರಿನ್ ಇರುತ್ತದೆ. ಇದಕ್ಕೇ ಡಬಲ್ ಟ್ಯಾಪ್ ಬೇಕು ಅನ್ನೋದು. ಪೈಪ್ ಖಾಲಿ ಮಾಡದೆ, ನೆಲವೆಲ್ಲ ಒದ್ದೆ ಮಾಡದೆ ಡಬ್ಬಿ ಮಾತ್ರ ಎತ್ತಿಕೊಂಡು ಹೋಗಬಹುದು. ಸನ್‌ಸನ್ನಿನಲ್ಲಿ ಅದು ಮುಚ್ಚಳದ ಮೇಲೇ ಇರುತ್ತದೆ. ಕ್ಲಾಸಿಕ್ ತಗೊಂಡರೆ ಬಾಕ್ಸಲ್ಲಿ ಟ್ಯಾಪ್ ಕೊಟ್ಟಿದ್ದಾರಾ ಅಂತ ಕೇಳಿಯೇ ದುಡ್ಡು ಕೊಡಿ.

ಮನೆಯ ಇನ್ವರ್ಟರಿಗೆ ಫಿಲ್ಟರ್ ಒಂದನ್ನೇ ಕೊಡಿ, 15-35 ವ್ಯಾಟ್ ಅದಕ್ಕೆ ಲೆಕ್ಕಕ್ಕಿಲ್ಲ. ಸೈನ್ ವೇವ್ ಆದರೆ ಒಳ್ಳೆಯದು, ಸ್ಕ್ವೇರ್ ವೇವ್‌ನಲ್ಲಿ ಪಂಪ್ ಗುಂಯ್ ಅನ್ನುತ್ತದೆ. ಸಿಒಟು ಸೊಲೆನಾಯ್ಡ್ (ಕರೆಂಟಲ್ಲಿ ತೆರೆಯುವ ಗ್ಯಾಸ್ ವಾಲ್ವ್) ಮತ್ತು ಲೈಟನ್ನು ಇನ್ವರ್ಟರಿಗೆ ಕೊಡಬೇಡಿ. ಕರೆಂಟ್ ಹೋದರೆ ಗ್ಯಾಸ್ ತಾನಾಗಿ ನಿಲ್ಲಬೇಕು. ಲೈಟ್ ಇಲ್ಲದೆ ಗಿಡ ಗ್ಯಾಸ್ ತಗೊಳ್ಳೋದಿಲ್ಲ, ಮೀನಿಗೆ ಮಾತ್ರ ಉಸಿರು ಕಟ್ಟುತ್ತದೆ.

ನಿಮ್ಮ ಪಟ್ಟಿಯಲ್ಲಿ ಇಲ್ಲದ ಒಂದು ವಸ್ತು ಫ್ಯಾನ್. ಏಪ್ರಿಲ್‌ನಲ್ಲಿ ಹೊರಗೆ 40 ದಾಟಿದಾಗ ಟ್ಯಾಂಕ್ ನೀರು 32-33ಕ್ಕೆ ಹೋಗುತ್ತದೆ. ನೀರು ಬಿಸಿಯಾದಷ್ಟು ಆಮ್ಲಜನಕ ಕಡಿಮೆ ಹಿಡಿಯುತ್ತದೆ, 25 ಡಿಗ್ರಿಯಲ್ಲಿ ಲೀಟರಿಗೆ 8 ಮಿಲಿಗ್ರಾಮ್ ಮೇಲಿದ್ದದ್ದು 33ಕ್ಕೆ ಬಂದರೆ 7ರ ಆಸುಪಾಸು. ನಮ್ಮ ಅದೃಷ್ಟಕ್ಕೆ ಇಲ್ಲಿನ ಗಾಳಿ ಒಣಗಾಳಿ. ಮಂಗಳೂರಲ್ಲಿ ಫ್ಯಾನ್ ಇಟ್ಟರೆ ಅಷ್ಟಕ್ಕಷ್ಟೇ, ಬಳ್ಳಾರಿಯಲ್ಲಿ ಮೂರು ನಾಲ್ಕು ಡಿಗ್ರಿ ಇಳಿಯುತ್ತದೆ. ಆದರೆ ನೀರು ಆರುತ್ತದೆ, ಉಪ್ಪಿನಂಶ ಉಳಿಯುತ್ತದೆ. ಕಡಿಮೆಯಾದಷ್ಟಕ್ಕೆ ಬೋರ್ ನೀರನ್ನೇ ಸುರಿಯುತ್ತಾ ಹೋದರೆ ನಿಮ್ಮ 900 ಬೇಸಿಗೆ ಮುಗಿಯೋದರೊಳಗೆ ಎಲ್ಲಿಗೋ ಹೋಗಿರುತ್ತದೆ. ಆರಿದ್ದಕ್ಕೆ ಆರ್‌ಒ ನೀರನ್ನೇ ಹಾಕಿ. ಫಿಲ್ಟರ್ ಸ್ಟ್ಯಾಂಡಿನ ಒಳಗಿದ್ದರೆ ಅದರ ಬಾಗಿಲೂ ತೆಗೆದಿಡಿ.

ಯುವಿಗೆ ಹಾಕೋ ದುಡ್ಡು ದಂಡ, ಬೇಡ.

ಎರಡುನದಿ (ರಾಯಚೂರು)

ದಂಡ ಅನ್ನೋಕಾಗಲ್ಲ ಅಣ್ಣಾ. ನೀರೇ ಹಸಿರಾದರೆ ಯುವಿಯಷ್ಟು ಬೇಗ ಬೇರೆ ಯಾವುದೂ ತಿಳಿ ಮಾಡಲ್ಲ. ಎಲೆಗೆ, ಗಾಜಿಗೆ ಅಂಟಿದ ಪಾಚಿಗೆ ಅದರಿಂದ ಏನೂ ಆಗಲ್ಲ ಅನ್ನೋದು ಸರಿ. 303ಬಿಯಲ್ಲಿ ಯುವಿಗೆ ಬೇರೆ ಸ್ವಿಚ್ ಇದೆ, ಬೇಕಾದಾಗ ಹಾಕಿ, ಉಳಿದಂತೆ ಆಫ್ ಇರಲಿ. ಕಬ್ಬಿಣದ ಗೊಬ್ಬರ ಹಾಕಿದ ದಿನ ಹಾಕಲೇಬೇಡಿ, ಅದು ಒಡೆದುಹೋಗುತ್ತದೆ.

ತುಂಗಭದ್ರಾ_ದಂಡೆ (ಗಂಗಾವತಿ)

ಅದಕ್ಕೋಸ್ಕರವೇ ಯುವಿ ಇರುವ ಬಿ ಮಾಡೆಲ್ ಹುಡುಕಿಕೊಂಡು ಹೋಗಬೇಡಿ ಅಂತ ನನ್ನ ಮಾತು, ಅಷ್ಟೇ. ನೀರು ಹಸಿರಾದರೆ ಲೈಟ್ ಕಡಿಮೆ ಮಾಡಲಿ. ಬೇರೆಯವರ ಅಭಿಪ್ರಾಯ ಬೇರೆ ಇರಬಹುದು.

ಹಸಿರುಬುಡ್ಡಿ (ಕೊಪ್ಪಳ)

ನೀವಿಬ್ಬರೂ ಮೀಡಿಯಾ ಬಗ್ಗೆ ಹೇಳಲೇ ಇಲ್ಲ. ನೀರು ಮೊದಲು ತಾಗುವ ಕಡೆ ಒರಟು ಸ್ಪಂಜು, ಆಮೇಲೆ ಸೆರಾಮಿಕ್ ರಿಂಗ್, ಕೊನೆಗೆ ತೆಳ್ಳಗೆ ಬಿಳಿ ಫ್ಲಾಸ್. ಕ್ಯಾನಿಸ್ಟರಿನಲ್ಲಿ ಸಾಮಾನ್ಯವಾಗಿ ನೀರು ಕೆಳಗಿಂದ ಮೇಲೆ ಏರುತ್ತದೆ, ಹಾಗಾಗಿ ಒರಟು ಸ್ಪಂಜು ತಳಕ್ಕೆ. ಕಾರ್ಬನ್ ಸದ್ಯಕ್ಕೆ ಬೇಡ, ಔಷಧಿ ಹಾಕಿದ ಮೇಲೆ ಅದನ್ನು ನೀರಿಂದ ತೆಗೆಯೋಕೆ ಮಾತ್ರ. ಮರದಿಂದ ನೀರು ಚಹಾ ಬಣ್ಣಕ್ಕೆ ತಿರುಗಿ ನಿಮಗೆ ಇಷ್ಟವಾಗದಿದ್ದರೆ ಆಗ ಪ್ಯೂರಿಜೆನ್ ನೋಡಿ. ರಿಂಗ್ ಮೇಲೆ ದುಡ್ಡು ಸುರೀಬೇಡಿ, ಗಿಡಗಳೇ ಅಮೋನಿಯ ಹೀರಿಕೊಳ್ಳುತ್ತವೆ.

ಕೋಟೆಗುಡ್ಡ (ಬಳ್ಳಾರಿ)

ಸರಿ, ಹಾಗಾದ್ರೆ ಕ್ಲಾಸಿಕ್ 350, ಸ್ಟೀಲ್ ಪೈಪ್ ಸ್ಕಿಮ್ಮರ್ ಸಮೇತ, ಸ್ಪಂಜು, ಇನ್‌ಲೈನ್ ಡಿಫ್ಯೂಸರ್, ಫ್ಯಾನ್. ಪ್ಯೂರಿಜೆನ್, ಯುವಿ ಕೈಬಿಟ್ಟೆ. ಹಳೇ ಫಿಲ್ಟರನ್ನು ಅವತ್ತೇ ತೆಗೆಯಬಹುದಾ?

ಹಸಿರುಬುಡ್ಡಿ (ಕೊಪ್ಪಳ)

ತೆಗೀಬೇಡಿ, ಬ್ಯಾಕ್ಟೀರಿಯಾ ಅದರ ಸ್ಪಂಜಲ್ಲೇ ಇವೆ. ಒಂದು ತಿಂಗಳು ಎರಡೂ ಓಡಲಿ, ಗ್ಯಾಸ್ ಸ್ವಲ್ಪ ಹಾಳಾದರೂ ಪರವಾಗಿಲ್ಲ. ತೆಗೆಯುವ ದಿನ ಹಳೇದರ ಸ್ಪಂಜನ್ನು ತೊಳೆಯದೆ ಹಾಗೇ ಕತ್ತರಿಸಿ ಕ್ಯಾನಿಸ್ಟರಿನ ರಿಂಗುಗಳ ಮೇಲೆ ಇಟ್ಟುಬಿಡಿ. ಆ ವಾರ ಮೀನಿಗೆ ಆಹಾರ ಅರ್ಧ ಹಾಕಿ, ಅಮೋನಿಯ ಕಿಟ್ ಇದ್ದರೆ ದಿನ ಬಿಟ್ಟು ದಿನ ನೋಡುತ್ತಿರಿ.